ಅಮ್ಮಿ ನಡೆದ ಹಾದಿ

"ಯವ್ವಾ, ಬಸ್ಸು ಪುಕ್ಕಟ ಅದ. ಯಾಕ ನಡೀಲಕ್ಕತ್ತೀರಿ?"

ಹುಮನಾಬಾದ್ ರಸ್ತೆಯಲ್ಲಿ ಬಸ್ಸು ನಿಧಾನ ಮಾಡಿ, ಬಾಗಿಲಲ್ಲಿ ಜೋತುಬಿದ್ದು ಕಂಡಕ್ಟರ್ ಹೀಗೆ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಲ್ಲ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಹೀಗಿರುವಾಗ ಅರವತ್ತರ ಆಸುಪಾಸಿನ, ಬುರ್ಖಾದ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡ ಇಬ್ಬರು ಹೆಂಗಸರು ಕಲಬುರಗಿಯಿಂದ ಕಮಲಾಪುರಕ್ಕೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ನಡೆದು ಹೋಗುತ್ತಾರೆಂದರೆ ತಲೆ ಸರಿಯಿಲ್ಲವೆಂದೇ ಅರ್ಥ. ಹಿಂದಿನಿಂದ ಬಂದ ಟಂಟಂ ಚಾಲಕ ಇನ್ನೂ ನೇರವಾಗಿ ಕೇಳಿದ: "ಹರಕೆ ಅದ ಏನ್ರಿ?" ಹೌದೆಂದು ಬಿಟ್ಟೆವು. ಸುಳ್ಳು ಹೇಳಿದೆವೋ ನಿಜ ಹೇಳಿದೆವೋ ಎಂದು ಸ್ವಲ್ಪ ದೂರ ಹೋದ ಮೇಲೆ ಅನುಮಾನ ಬಂತು.

ನಾವು ಅಕ್ಕತಂಗಿಯರು. ಇಬ್ಬರೂ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಒಬ್ಬಳಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬಳಿಗೆ ಮೊಣಕಾಲು. ಈ ನಡಿಗೆಯ ಹುಚ್ಚು ಹಿಡಿಸಿದವಳು ಐರ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ಅಣ್ಣನ ಮಗಳು. ರಜೆ ಸಿಕ್ಕರೆ ಅವಳು ಕೆರ್ರಿ ಎಂಬ ಜಿಲ್ಲೆಯ ಸಮುದ್ರ ದಂಡೆಗೆ ನಡೆಯಲು ಹೋಗುತ್ತಾಳೆ. ಅಲ್ಲಿ ಡಿಂಗಲ್ ವೇ ಎಂಬ ಕಾಲುದಾರಿಯಿದೆ, ಸುಮಾರು 180 ಕಿಲೋಮೀಟರು. ಗೈಡ್ ಇಲ್ಲ, ಗುಂಪಿಲ್ಲ. ದಾರಿಯುದ್ದಕ್ಕೂ ಕಪ್ಪು ಕಂಬಗಳ ಮೇಲೆ ನಡೆಯುವ ಮನುಷ್ಯನ ಹಳದಿ ಚಿತ್ರವಿರುತ್ತದೆ. ಅದನ್ನು ನೋಡಿಕೊಂಡು ಹೋಗುವುದು. ಹಣ ಕೊಟ್ಟರೆ ನಕ್ಷೆ ಕೊಡುತ್ತಾರೆ, ರಾತ್ರಿ ತಂಗುವ ಮನೆ ಗೊತ್ತು ಮಾಡಿರುತ್ತಾರೆ, ಬೆಳಗ್ಗೆ ನಮ್ಮ ಪೆಟ್ಟಿಗೆಯನ್ನು ವ್ಯಾನಿನಲ್ಲಿ ಮುಂದಿನ ಊರಿಗೆ ಸಾಗಿಸುತ್ತಾರೆ. ಒಂದು ಕಡೆ ಹಸಿರು ಗುಡ್ಡ, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗುತ್ತಾರಂತೆ. ಯಾಕೆ ಹೊರಟಿರಿ ಎಂದು ಯಾರೂ ಕೇಳುವುದಿಲ್ಲವಂತೆ.

ನಮಗೆ ಆಸೆ ಹುಟ್ಟಿದ್ದು ಸಾಗರದ ಫೋಟೋ ನೋಡಿ ಅಲ್ಲ, ಅವಳು ಹೇಳಿದ ಇನ್ನೊಂದು ವಿಷಯ ಕೇಳಿ. ಅದೇ ಪಶ್ಚಿಮ ದಂಡೆಯ ಮೇಯೋ ಎಂಬಲ್ಲಿ ಒಂದು ಕಣಿವೆಯಿದೆ, ಡೂಲೋ. ಆಲೂಗಡ್ಡೆ ಬೆಳೆ ಕೊಳೆತು ಬರ ಬಿದ್ದ ಕಾಲದಲ್ಲಿ, 1849ರ ಮಾರ್ಚ್‌ನಲ್ಲಿ, ಹಸಿದ ನೂರಾರು ಜನರನ್ನು ಪರಿಹಾರಕ್ಕಾಗಿ ಹೆಸರು ಪರಿಶೀಲಿಸುತ್ತೇವೆಂದು ಮೈಲಿಗಟ್ಟಲೆ ಆ ಹಾದಿಯಲ್ಲಿ ನಡೆಸಿದರು. ಅಲ್ಲಿ ತಲುಪಿದ ಮೇಲೆ ಬರಿಗೈಯಲ್ಲಿ ವಾಪಸ್ ಕಳಿಸಿದರು. ಹಿಂದಿರುಗುವಾಗ ಚಳಿ ಮಳೆಗೆ ಎಷ್ಟೋ ಜನ ದಾರಿಯಲ್ಲೇ ಸತ್ತರು. ಈಗ ಪ್ರತಿವರ್ಷ ಜನ ಸೇರಿ ಆ ದಾರಿಯನ್ನು ನಡೆಯುತ್ತಾರೆ. ಫೋನಿನಲ್ಲಿ ಇದನ್ನು ಕೇಳಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಅಮ್ಮಿ ಕಮಲಾಪುರದ ಕಡೆಯಿಂದ ಗುಲ್ಬರ್ಗಕ್ಕೆ ನಡೆದು ಬಂದವರು. ಆಗ ಅವರಿಗೆ ಎಂಟು ವರ್ಷ. 1948ರ ಸೆಪ್ಟೆಂಬರ್.

ಆ ತಿಂಗಳ 13ರಿಂದ 17ರವರೆಗೆ ಭಾರತದ ಸೇನೆ ನಿಜಾಮರ ಸಂಸ್ಥಾನವನ್ನು ವಶಪಡಿಸಿಕೊಂಡ ಸಂಗತಿ ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ರಝಾಕಾರರು ಹಳ್ಳಿಗಳಲ್ಲಿ ನಡೆಸಿದ ಕೊಲೆ, ಸುಲಿಗೆಗಳನ್ನು ಈ ಭಾಗದ ಜನ ಮರೆತಿಲ್ಲ. ಬೀದರ್ ಜಿಲ್ಲೆಯ ಗೋರಟಾದ ಹೆಸರು ಹೇಳಿದರೆ ಸಾಕು. ಆಮೇಲಿನ ವಾರಗಳಲ್ಲಿ, ರಝಾಕಾರರ ಮುಖವನ್ನೂ ನೋಡದ ಸಾವಿರಾರು ಮುಸಲ್ಮಾನರು ಸತ್ತರು. ಪಂಡಿತ್ ಸುಂದರಲಾಲ್ ಸಮಿತಿ ಅತಿಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಸೇರಿಸಿತ್ತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ನಾವು ಶಿಕ್ಷಕಿಯರಾಗಿ ಪ್ರತಿ ಸೆಪ್ಟೆಂಬರ್ 17ರಂದು ಶಾಲೆಯಲ್ಲಿ ಧ್ವಜವಂದನೆ ಮಾಡಿಸಿ, ಮಕ್ಕಳಿಗೆ ಲಾಡು ಹಂಚಿ, ನಮ್ಮ ಪಾಲಿನದನ್ನು ಮನೆಗೆ ತರುತ್ತಿದ್ದೆವು. ಅಮ್ಮಿ ಅದನ್ನು ತಿಂದು, ಕೈ ತೊಳೆದುಕೊಂಡು, ಸುಮ್ಮನೆ ಕೂರುತ್ತಿದ್ದರು.

ಅವರು ಹೇಳಿದ್ದು ಬಹಳ ಕಡಿಮೆ. ನಾನಿಯ ಸೊಂಟದ ಮೇಲೆ ಪುಟ್ಟ ಮಾಮು, ಹಿಂದೆ ಅಮ್ಮಿ. ಅವರ ಅಬ್ಬಾ, ನೀವು ಮುಂದೆ ನಡೀರಿ ನಾನು ಬರ್ತೀನಿ ಎಂದಿದ್ದರು. ಬರಲಿಲ್ಲ. ಮಳೆ. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆಹೆಜ್ಜೆಗೆ ಕಾಲು ಭಾರವಾಗುತ್ತಿತ್ತು. ಒಂದು ಊರಿನ ಅಂಚಿನಲ್ಲಿ, ಹುಣಸೇ ಮರ ಮತ್ತು ಬಾವಿಯಿದ್ದ ಮನೆಯ ದನದ ಕೊಟ್ಟಿಗೆಯಲ್ಲಿ ಯಾರೋ ಮಲಗಲು ಬಿಟ್ಟರು, ರೊಟ್ಟಿ ಖಾರ ಕೊಟ್ಟರು. ನಸುಕಿನಲ್ಲಿ ಆ ಮನೆಯ ಅವ್ವ ನಾನಿಯ ಹಣೆಗೂ ಅಮ್ಮಿಯ ಹಣೆಗೂ ಕುಂಕುಮ ಹಚ್ಚಿ, "ಕೇಳಿದವರಿಗೆ ನನ್ನ ತವರಿನವರು ಅನ್ರಿ" ಎಂದು ಕಳಿಸಿಕೊಟ್ಟರು. ಆ ಊರು ಯಾವುದೆಂದು ಅಮ್ಮಿಗೆ ಗೊತ್ತಿರಲಿಲ್ಲ. 2023ರಲ್ಲಿ ತೀರಿಕೊಳ್ಳುವವರೆಗೂ ಆ ರಸ್ತೆಯಲ್ಲಿ ಬಸ್ಸು ಹೋಗುವಾಗ ಕಿಟಕಿಗೆ ಮುಖ ಒತ್ತಿ ಹೊರಗೆ ನೋಡುತ್ತಿದ್ದರು.

ಕಳೆದ ಎಳ್ಳಮಾವಾಸ್ಯೆಯ ಹಿಂದಿನ ದಿನ ಫಜ್ರ್ ಮುಗಿಸಿ, ರೋಜಾ ಬಡಾವಣೆಯ ನಮ್ಮ ಮನೆಯಿಂದ ಹೊರಟೆವು. ಬಂದೇನವಾಜರ ದರ್ಗಾದ ಗುಮ್ಮಟ ಇನ್ನೂ ಕತ್ತಲಲ್ಲಿತ್ತು. ನಮ್ಮ ಊರಿಗೆ ನಡಿಗೆ ಹೊಸದಲ್ಲ. ಉರುಸಿನ ಸಂದಲ್ ಮೆರವಣಿಗೆ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ದರ್ಗಾದವರೆಗೆ ನಡೆದೇ ಬರುತ್ತದೆ. ಶರಣಬಸವೇಶ್ವರರ ಜಾತ್ರೆಗೆ, ಗಾಣಗಾಪುರಕ್ಕೆ ಹಳ್ಳಿಗಳಿಂದ ನಡೆದು ಬರುವವರಿದ್ದಾರೆ. ಆದರೆ ಹೆಂಗಸರು ಸುಮ್ಮನೆ, ಹಾದಿ ನೋಡಲಿಕ್ಕೆಂದು ನಡೆಯುವುದು ಇಲ್ಲಿ ಯಾವ ಲೆಕ್ಕಕ್ಕೂ ಸೇರದ ಸಂಗತಿ. ಐರ್ಲೆಂಡಿನ ವ್ಯಾನಿಗೆ ಬದಲು ನಮಗೆ ತಮ್ಮನ ಮಗನ ಸ್ಕೂಟರಿತ್ತು. ನಮ್ಮ ಚೀಲವನ್ನು ಸಂಜೆ ಮಹಾಗಾಂವದ ಕಡೆ ನಾವು ತಂಗುವ ಪರಿಚಯದವರ ಮನೆಗೆ ತಲುಪಿಸುವುದು ಅವನ ಕೆಲಸ. ತಲುಪಿಸಿದ, ಎರಡು ತಾಸು ತಡವಾಗಿ, ಮಾತ್ರೆಯ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು. ಆಮೇಲೆ ಇನ್ನೊಂದು ಸಲ ಬಂದ.

ರಿಂಗ್ ರೋಡ್ ದಾಟುವವರೆಗೂ ನಡಿಗೆಯೆನ್ನುವುದು ಕಸ, ನಾಯಿ, ಟಿಪ್ಪರುಗಳ ನಡುವಿನ ಪರೀಕ್ಷೆ. ಮುಂದೆ ರಾಷ್ಟ್ರೀಯ ಹೆದ್ದಾರಿ 50. ಹಳಬರಿಗೆ ಇದು 218. ಕಾಲ್ನಡಿಗೆಯವರಿಗೆ ಇಲ್ಲಿ ಜಾಗವಿಲ್ಲ, ಬಿಳಿ ಗೆರೆಯಾಚೆ ಜಲ್ಲಿ, ಅದರಾಚೆ ಜಾಲಿ. ಸಾಧ್ಯವಾದಲ್ಲೆಲ್ಲ ಕೆಳಗಿಳಿದು ಹೊಲದ ಬದುವಿನಲ್ಲಿ ನಡೆದೆವು. ಅಲ್ಲಿ ಬೇರೆಯದೇ ಲೋಕ. ಹಾಲುಗಾಳಿನ ಜೋಳ ಎದೆಯುದ್ದ ನಿಂತಿತ್ತು. ಕಡಲೆ ಹೂ ಬಿಟ್ಟಿತ್ತು. ತೊಗರಿಯನ್ನು ಕೆಲವರು ಕೊಯ್ದು ಮೆದೆ ಹಾಕಿದ್ದರು. ನಮ್ಮ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, 2022ರಲ್ಲಿ ನೆಟೆ ರೋಗವೂ ಬಂತು. ಇವೆರಡನ್ನೂ ಒಬ್ಬ ರೈತ ಒಂದೇ ಉಸಿರಿನಲ್ಲಿ ಹೇಳಿದ. ಹೆಸರು ಬಂದ ವರ್ಷಕ್ಕಿಂತ ಬೆಳೆ ಒಣಗಿದ ವರ್ಷ ಅವನಿಗೆ ಚೆನ್ನಾಗಿ ನೆನಪಿತ್ತು.

ಎಲ್ಲ ಊರುಗಳ ಅಂಚಿನಲ್ಲೂ ನಾವು ಹುಣಸೇ ಮರ, ಬಾವಿ ಹುಡುಕಿದೆವು. ಒಂದು ಕಟ್ಟೆಯ ಮೇಲೆ ಕೂತಿದ್ದ ಮುದುಕಿಯ ಹತ್ತಿರ ಕೇಳಿಯೂ ನೋಡಿದೆವು. "ಹುಣಸೀ ಗಿಡ ಇಲ್ಲದ ಊರು ಯಾವುದದ ಯವ್ವಾ? ಬಾವಿ ಮಾತ್ರ ಈಗ ಎಲ್ಲೂ ಇಲ್ಲ, ಮುಚ್ಯಾರ" ಎಂದರು. ವಯಸ್ಸು ಕೇಳಿದರೆ, ಗೊತ್ತಿಲ್ಲ ಎಂದರು. ಆ ಮಳೆಗಾಲದ ಬಗ್ಗೆ ಕೇಳಲು ನಮ್ಮ ನಾಲಿಗೆ ಏಳಲಿಲ್ಲ. ಕೇಳಬಾರದಿತ್ತೋ ಏನೋ. ಕೇಳಬೇಕಿತ್ತು ಎಂದು ಈಗ ಅನಿಸುತ್ತಿದೆ.

ಕುರಿಕೋಟಾ ಸೇತುವೆಯ ಮೇಲೆ ಬಹಳ ಹೊತ್ತು ನಿಂತೆವು. ಕೆಳಗೆ ಬೆಣ್ಣೆತೊರೆಯ ನೀರು ಅಲುಗಾಡದೆ ಮಲಗಿತ್ತು. ಅಮ್ಮಿ ಬಂದಾಗ ತುಂಬಿ ಹರಿಯುತ್ತಿರಬೇಕು. ಎಂಟು ವರ್ಷದ ಮಗು, ಸೊಂಟದ ಮೇಲೊಂದು ಕೂಸಿದ್ದ ತಾಯಿ, ಹೊಳೆಯನ್ನು ಹೇಗೆ ದಾಟಿದರು? ಈ ಪ್ರಶ್ನೆ ಅವರು ಬದುಕಿರುವಾಗ ನಮಗೆ ಹೊಳೆಯಲೇ ಇಲ್ಲ. ಬಸ್ಸಿನಲ್ಲಿ ಸೇತುವೆ ದಾಟಿದವರಿಗೆ ಹೊಳೆಯುವ ಪ್ರಶ್ನೆಯೂ ಅದಲ್ಲ.

ಎರಡನೆಯ ದಿನ ಎಳ್ಳಮಾವಾಸ್ಯೆ. ಆ ದಿನ ಕಲಬುರಗಿ ಸೀಮೆಯಲ್ಲಿ ಊರು ಖಾಲಿ, ಹೊಲ ಭರ್ತಿ. ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜಿಸಿ, ಹೊಲಕ್ಕೆ ಚರಗ ಚೆಲ್ಲಿ, ದಾರಿಹೋಕರನ್ನು ಕೂಗಿ ಕರೆದು ಉಣಿಸುತ್ತಾರೆ. ಅರ್ಧ ಕಿಲೋಮೀಟರಿನಲ್ಲಿ ನಾಲ್ಕು ಕಡೆ ಕರೆದರು. ನಾಲ್ಕನೆಯವರಿಗೆ ಇಲ್ಲವೆನ್ನಲಾಗಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಹತ್ತಾರು ಸೊಪ್ಪು ಕಾಳು ಹಾಕಿ ಕುದಿಸಿದ ಬಜ್ಜಿ. ಸಕ್ಕರೆ ಕಾಯಿಲೆಯವಳು ಹೋಳಿಗೆ ಎರಡು ತಿಂದಳು. ಊಟವಾದ ಮೇಲೆ ಮನೆಯೊಡತಿ ಹೆಂಗಸರಿಗೆಲ್ಲ ಕುಂಕುಮ ಹಚ್ಚುತ್ತಾ ಬಂದರು. ನಮ್ಮ ಮುಂದೆ ಬಂದಾಗ ಕೈ ತಡೆಯಿತು. ಅವರು ನಕ್ಕರು, ನಾವೂ ನಕ್ಕೆವು. ಕುಂಕುಮದ ಬದಲು ನಮ್ಮ ಕೈಗೆ ಹಸಿ ಕಡಲೆ ಗಿಡದ ಕಟ್ಟೊಂದನ್ನು ಕೊಟ್ಟರು. ಅಮ್ಮಿಯ ಮಾತು ಗಂಟಲವರೆಗೆ ಬಂತು. ಮಕ್ಕಳು ಹೊಲದ ತುಂಬ ಕುಣಿಯುತ್ತಿದ್ದರು. ಹೇಳದೆ ಎದ್ದು ಬಂದೆವು. ಅಲ್ಲಿಂದ ಒಂದು ಮೈಲಿಯವರೆಗೆ ನಾವು ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಕಮಲಾಪುರ ಹತ್ತಿರವಾಗುತ್ತಿದ್ದಂತೆ ನೆಲ ಬಣ್ಣ ಬದಲಿಸುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ, ಗುಡ್ಡಗಳು ಏಳುತ್ತವೆ. ಬೀದರಿನ ಕಡೆಗೆ ಹಬ್ಬಿದ ಕೆಂಪು ಕಲ್ಲಿನ ಸೀಮೆ ಶುರುವಾಗುವುದು ಇಲ್ಲೇ. ಅಮ್ಮಿ ಕೆಂಪಿನಿಂದ ಕಪ್ಪಿಗೆ ನಡೆದರು, ನಾವು ಕಪ್ಪಿನಿಂದ ಕೆಂಪಿಗೆ. ನಮ್ಮ ಶೂ ಅಷ್ಟೊತ್ತಿಗೆ ಎರಡೂ ಬಣ್ಣದ್ದಾಗಿತ್ತು. ಒಂದು ಕಡೆ 2017ರಲ್ಲಿ ಆರಂಭವಾದ ಬೀದರ್ ರೈಲು ಮಾರ್ಗ, ಇನ್ನೊಂದು ಕಡೆ ಅಲ್ಲೊಂದು ಇಲ್ಲೊಂದು ಬಾಳೆ ತೋಟ. ಕಮಲಾಪುರದ ಕೆಂಬಾಳೆ ಹೆಸರುವಾಸಿ. ಅದಕ್ಕೂ ಭೌಗೋಳಿಕ ಸೂಚಿಕೆಯಿದೆ. ಆದರೆ ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಅಷ್ಟು ಕಾಯುವವರು ಕಡಿಮೆಯಾಗಿದ್ದಾರೆ, ತೋಟಗಳೂ ಕಡಿಮೆಯಾಗಿವೆ.

ಬಸ್ ನಿಲ್ದಾಣದ ಬಳಿ ಒಂದು ಚಿಪ್ಪು ಕೆಂಬಾಳೆ ಕೊಂಡೆವು. ದುಬಾರಿ, ಚೌಕಾಶಿ ಮಾಡಿದರೂ ಇಳಿಸಲಿಲ್ಲ. ಅಮ್ಮಿಯ ಊರು ಇಲ್ಲಿಂದ ಇನ್ನೂ ಒಳಗೆ. ಅಲ್ಲಿ ನಮ್ಮವರು ಯಾರೂ ಇಲ್ಲ. ಹೋಗುವುದೋ ಬೇಡವೋ ಎಂದು ಅರ್ಧ ತಾಸು ಕಲ್ಲು ಬೆಂಚಿನ ಮೇಲೆ ಕೂತು ಚರ್ಚಿಸಿದೆವು. ಒಬ್ಬಳು ಹೋಗೋಣವೆಂದಳು, ಇನ್ನೊಬ್ಬಳ ಮೊಣಕಾಲು ಊದಿತ್ತು. ಮೊಣಕಾಲು ಗೆದ್ದಿತು. ಅದು ಬರೀ ಮೊಣಕಾಲಿನ ಮಾತಾಗಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ವಾಪಸ್ ಬರುವಾಗ ಬಸ್ಸು ಎರಡು ದಿನದ ದಾರಿಯನ್ನು ಒಂದು ತಾಸಿನಲ್ಲಿ ಮುಗಿಸಿತು. ಕಂಡಕ್ಟರ್ ಸೊನ್ನೆ ರೂಪಾಯಿಯ ಎರಡು ಟಿಕೆಟ್ ಹರಿದು ಕೊಟ್ಟ. ಕಿಟಕಿಯ ಪಕ್ಕದ ಸೀಟಿಗಾಗಿ, ಈ ವಯಸ್ಸಿನಲ್ಲಿ, ನಾವಿಬ್ಬರೂ ಜಗಳವಾಡಿದೆವು. ಬಾಳೆ ಇನ್ನೂ ಕಾಯಾಗಿತ್ತು. ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದು ಹಣ್ಣಾಗಲು ಐದು ದಿನ ಹಿಡಿಯಿತು.