ಎರಡಕ್ಷರದ ಕಥೆ

ಲಿಪ್ಟನ್ ಎಂದರೆ ನಮ್ಮ ಮನೆಗಳಲ್ಲಿ ಚಹದ ಹೆಸರು. ಪೊಟ್ಟಣದ ಹಿಂದೆ ಆ ಹೆಸರಿನ ಮನುಷ್ಯನೊಬ್ಬನಿದ್ದನೆಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಗ್ಲಾಸ್ಗೋ ನಗರದಲ್ಲಿ 1871ರಲ್ಲಿ ದಿನಸಿ ಅಂಗಡಿ ತೆರೆದು, 1890ರಲ್ಲಿ ಸಿಂಹಳದಲ್ಲಿ ತೋಟಗಳನ್ನು ಕೊಂಡು, ಚಹ ಮಾರಿಯೇ ಕುಬೇರನಾದವನು ಸರ್ ಥಾಮಸ್ ಲಿಪ್ಟನ್. ಹಣ ಸೇರಿದ ಮೇಲೆ ಆತನಿಗೆ ಪಂದ್ಯದ ಹುಚ್ಚು ಹಿಡಿಯಿತು. ‘ಅಮೆರಿಕಾ ಕಪ್’ ಎಂಬ ಹಾಯಿದೋಣಿಯ ಪಂದ್ಯಕ್ಕೆ 1899ರಿಂದ 1930ರವರೆಗೆ ಐದು ಸಲ ಸವಾಲು ಹಾಕಿದ. ಐದು ಸಲವೂ ಸೋತ. ತನಗೆ ಒಲಿಯದ ಕಪ್ಪು ಇತರರಿಗಾದರೂ ಒಲಿಯಲೆಂದೋ ಏನೋ, ಫುಟ್‌ಬಾಲ್ ಆಟಗಾರರಿಗಾಗಿ ತಾನೇ ಒಂದು ಕಪ್ಪನ್ನು ಕೊಟ್ಟ. ನಾನು ಹೇಳಹೊರಟಿರುವುದು ಆ ಕಪ್ಪಿನ ಕಥೆಯನ್ನು.

1909ರ ಈಸ್ಟರ್ ಹಬ್ಬದಲ್ಲಿ ಇಟಲಿಯ ಟ್ಯೂರಿನ್ ನಗರದಲ್ಲಿ ಆ ಕಪ್ಪಿಗಾಗಿ ಪಂದ್ಯಗಳು ನಡೆದುವು. ಇಟಲಿ, ಜರ್ಮನಿ, ಸ್ವಿಟ್ಸರ್‌ಲೆಂಡ್‌ಗಳಿಂದ ಒಂದೊಂದು ತಂಡ ಬಂದಿತು. ಫುಟ್‌ಬಾಲಿನ ತವರಾದ ಇಂಗ್ಲೆಂಡಿನಿಂದ ಬಂದ ತಂಡ ಯಾವುದು? ಲಂಡನ್ನಿನ ಹೆಸರಾಂತ ತಂಡವಲ್ಲ. ಉತ್ತರದ ಡರಮ್ ಜಿಲ್ಲೆಯ ವೆಸ್ಟ್ ಆಕ್ಲೆಂಡ್ ಎಂಬ ಹಳ್ಳಿಯ ಕಲ್ಲಿದ್ದಲು ಗಣಿಯವರ ತಂಡ!

ಡರಮ್ ಎಂದರೆ ಕಲ್ಲಿದ್ದಲು. 1913ರ ಸುಮಾರಿಗೆ ಆ ಒಂದು ಜಿಲ್ಲೆಯ ಗಣಿಗಳಲ್ಲೇ 1,60,000ಕ್ಕೂ ಮಿಕ್ಕಿದ ಜನ ದುಡಿಯುತ್ತಿದ್ದರು. ಕಲ್ಲಿದ್ದಲನ್ನು ಸಾಗಿಸುವ ಸಲುವಾಗಿಯೇ 1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲು ಹೊರಟಿತು. ಅದರ ದಾರಿ ಹಾದದ್ದು ವೆಸ್ಟ್ ಆಕ್ಲೆಂಡಿನ ಪಕ್ಕದಲ್ಲೇ. ವಾರವೆಲ್ಲ ನೆಲದಡಿಯ ಕತ್ತಲಲ್ಲಿ ಬೆನ್ನು ಬಗ್ಗಿಸಿದವರಿಗೆ ಶನಿವಾರದ ಬಯಲಾಟ ಎಷ್ಟು ಪ್ರಿಯವಾಗಿದ್ದೀತೆಂದು ನಾವು ಊಹಿಸಿಕೊಳ್ಳಬಹುದು. ನೆರೆಯ ಬಿಷಪ್ ಆಕ್ಲೆಂಡ್ ತಂಡ ಹವ್ಯಾಸಿಗಳ ರಾಷ್ಟ್ರೀಯ ಕಪ್ಪನ್ನು ಒಟ್ಟು ಹತ್ತು ಸಲ ಗೆದ್ದಿತು. ವೆಸ್ಟ್ ಆಕ್ಲೆಂಡಿಗೆ ಅಂಥ ಹೆಸರೂ ಇರಲಿಲ್ಲ. ಮನೆಯ ಸಾಮಾನು ಮಾರಿ, ಒತ್ತೆಯಿಟ್ಟು, ಪ್ರಯಾಣದ ಖರ್ಚು ಹೊಂದಿಸಿಕೊಂಡರೆಂದು ಆ ಊರಿನವರು ಹೇಳುತ್ತಾರೆ. ಹೋದರು, ಸ್ಟಟ್‌ಗಾರ್ಟಿನ ತಂಡವನ್ನು ಸೋಲಿಸಿದರು, ಕೊನೆಯ ಪಂದ್ಯದಲ್ಲಿ ಸ್ವಿಸ್ಸರ ವಿಂಟರ್‌ಥೂರ್ ತಂಡವನ್ನು 2–0ರಿಂದ ಸೋಲಿಸಿ ಕಪ್ಪು ಹೊತ್ತು ತಂದರು.

ಈ ಹಳ್ಳಿಯವರಿಗೆ ಕರೆ ಹೋದದ್ದು ಹೇಗೆ? ಇಲ್ಲಿಂದಲೇ ಐತಿಹ್ಯ ಆರಂಭ. ಲಿಪ್ಟನ್ನನು ಕರೆಯಬೇಕೆಂದಿದ್ದದ್ದು ಲಂಡನ್ನಿನ ವುಲಿಚ್ ಆರ್ಸೆನಲ್ ತಂಡವನ್ನಂತೆ. ‘ಡಬ್ಲ್ಯು, ಎ’ ಎಂದು ಎರಡೇ ಅಕ್ಷರ ಗೀಚಿ ಗುಮಾಸ್ತನ ಕೈಗೆ ಕೊಟ್ಟನಂತೆ. ಆ ಮಹಾರಾಯ ಅದನ್ನು ವೆಸ್ಟ್ ಆಕ್ಲೆಂಡ್ ಎಂದು ಓದಿಕೊಂಡು ಕಾಗದ ಹಾಕಿಬಿಟ್ಟನಂತೆ! ಕಥೆ ಸೊಗಸಾಗಿದೆ. ಆದರೆ ಅದಕ್ಕೆ ಆಧಾರವಾಗುವ ಒಂದು ಚೀಟಿಯೂ ಸಿಕ್ಕಿಲ್ಲ. ಆರ್ಸೆನಲ್ ಆಗ ಸಂಬಳದ ಆಟಗಾರರ ತಂಡ. ವೆಸ್ಟ್ ಆಕ್ಲೆಂಡ್ ಹವ್ಯಾಸಿಗಳದು. ಎರಡಕ್ಕೂ ಅಜಗಜಾಂತರ.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಜಾನಪದದ ಪಾಠದಲ್ಲಿ ಐತಿಹ್ಯವೆಂದರೇನೆಂದು ವಿವರಿಸುವಾಗ ಈ ದೂರದೂರಿನ ಕಥೆಯನ್ನು ಹೇಳುವುದುಂಟು. ನಮ್ಮೂರ ಕಲ್ಲಿನ ಕಥೆ, ಕೆರೆಯ ಕಥೆ ಎತ್ತಿಕೊಂಡರೆ ಭಕ್ತಿಯೋ ಅಭಿಮಾನವೋ ಅಡ್ಡ ಬರುತ್ತದೆ; ಪರಸ್ಥಳದ್ದಾದರೆ ತೂಗಿ ನೋಡುವುದು ಸುಲಭ. ಒಮ್ಮೆ ನಾನು ಹುಡುಗರನ್ನು ಕೇಳಿದೆ: “ಈ ಕಥೆಯಿಂದ ಗಣಿಯವರಿಗೆ ಗೌರವವೋ, ಅವಮಾನವೋ? ಆಡಿ ಗೆದ್ದವರು ಅವರು. ಕಥೆಯಾದರೋ ಎಲ್ಲವನ್ನೂ ಒಬ್ಬ ಗುಮಾಸ್ತನ ಕೈತಪ್ಪಿಗೆ ಒಪ್ಪಿಸಿಬಿಡುತ್ತದಲ್ಲ?”

ಹಲವರು ಅವಮಾನವೆಂದೇ ತೀರ್ಮಾನ ಕೊಟ್ಟರು. ಕೋಲಾರದ ಚಿನ್ನದ ಗಣಿಯ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ ಮಾತ್ರ ಎದ್ದು ನಿಂತಳು. “ನಮ್ಮ ತಾತ ಗಣಿಯಲ್ಲಿದ್ದವರು ಸಾರ್. ಅವರು ಹೇಳ್ತಿದ್ದ ಕಥೆಗಳಲ್ಲೂ ತಪ್ಪು ಮಾಡೋನು ಯಾವಾಗ್ಲೂ ಆಫೀಸಿನೋನೇ. ಕೆಳಗಿಳಿದವನು ತಪ್ಪು ಮಾಡಿದರೆ ಕಥೆ ಹೇಳೋಕೆ ಮೇಲೆ ಬರಲ್ಲವಲ್ಲ ಸಾರ್” ಎಂದಳು.

ತರಗತಿ ಸುಮ್ಮನಾಯಿತು. ನಾನೂ ಸ್ವಲ್ಪ ಹೊತ್ತು ಮುಂದಕ್ಕೆ ಹೋಗಲಿಲ್ಲ. ಆಕೆಯ ತಾತ ದುಡಿದ ಗಣಿಗಳು 2001ರಲ್ಲಿ ಮುಚ್ಚಿದುವು. ಮಾತು ಮಾತ್ರ ಮೊಮ್ಮಗಳ ಬಾಯಿಗೆ ಬಂದಿತ್ತು. ಮೇಜಿನ ಮುಂದೆ ಕುಳಿತವನ ತಪ್ಪು ಒಂದು ಅಕ್ಷರದಲ್ಲಿ ಮುಗಿಯುತ್ತದೆ. ಅದನ್ನು ನೆನೆದು ನಗಬಹುದು. ಆಳದಲ್ಲಿರುವವನಿಗೆ ಆ ಸೌಕರ್ಯವಿಲ್ಲ. ದೊಡ್ಡವರ ಮನೆಯ ತಪ್ಪು ಜೀವಮಾನದಲ್ಲಿ ಒಮ್ಮೆಯಾದರೂ ತಮ್ಮ ಪಾಲಿಗೆ ಲಾಭವಾಗಿ ಬಂದಿತೆಂಬ ನಗು ಆ ಕಥೆಯಲ್ಲಿದೆ. ಹಾಗೆ ನಗುವವರು ತಮ್ಮ ಗೆಲವನ್ನು ಬಿಟ್ಟುಕೊಟ್ಟಿಲ್ಲ. ತಪ್ಪಿನಿಂದ ಬಂದದ್ದು ಕರೆ; ಕಪ್ಪು ಬಂದದ್ದು ಕಾಲಿನಿಂದ.

ಅದಕ್ಕೆ ಸಾಕ್ಷಿಯೂ ಇದೆ. 1911ರಲ್ಲಿ ಕಪ್ಪನ್ನು ಉಳಿಸಿಕೊಳ್ಳಲು ಮತ್ತೆ ಟ್ಯೂರಿನ್ನಿಗೆ ಹೋದರು. ಈ ಸಲ ಯಾವ ಗುಮಾಸ್ತನ ಹಂಗೂ ಇರಲಿಲ್ಲ. ಜ್ಯೂರಿಕ್ ತಂಡವನ್ನು ಸೋಲಿಸಿ, ಕೊನೆಯಲ್ಲಿ ಯುವೆಂಟಸ್ ತಂಡವನ್ನು ಅದರ ಊರಿನಲ್ಲೇ 6–1ರಿಂದ ಬಗ್ಗುಬಡಿದರು. ಎರಡು ಸಲ ಗೆದ್ದುದರಿಂದ ಕಪ್ಪು ಶಾಶ್ವತವಾಗಿ ಅವರದಾಯಿತು. ಆದರೆ ಗೆದ್ದವರು ಮನೆಗೆ ಮರಳಿದ್ದು ಸಾಲದೊಡನೆ. ಊರಿನ ಹೋಟೆಲಿನ ಯಜಮಾನಿಯ ಬಳಿ ಅದೇ ಕಪ್ಪನ್ನು ಒತ್ತೆಯಿಟ್ಟು 40 ಪೌಂಡು ಪಡೆದರು. ಅದನ್ನು ಬಿಡಿಸಿಕೊಳ್ಳಲು ಊರಿಗೆ ಸಾಧ್ಯವಾದದ್ದು 1960ರಲ್ಲಿ, 100 ಪೌಂಡು ತೆತ್ತು. ಸುಮಾರು ಐವತ್ತು ವರ್ಷ! ಅಷ್ಟರಲ್ಲಿ ಎರಡು ಮಹಾಯುದ್ಧಗಳು ಆಗಿಹೋಗಿದ್ದುವು. 1930ರಲ್ಲಿ ಆರಂಭವಾದ ನಿಜವಾದ ವಿಶ್ವಕಪ್ಪನ್ನೂ ಜಗತ್ತು ಆರು ಸಲ ಆಡಿ ಮುಗಿಸಿತ್ತು. ತಮ್ಮದೇ ಮೊದಲ ವಿಶ್ವಕಪ್ ಎಂದು ಆ ಊರಿನವರು ಹೇಳಿಕೊಳ್ಳುತ್ತಾರೆ. ಯೂರೋಪಿನ ನಾಲ್ಕು ತಂಡಗಳ ಪಂದ್ಯವನ್ನು ವಿಶ್ವದ್ದೆನ್ನುವುದು ಕಷ್ಟ. ಆದರೂ ಒತ್ತೆಯಿಟ್ಟ ವಸ್ತುವನ್ನು ಅರ್ಧ ಶತಮಾನ ಮರೆಯದೆ ಬಿಡಿಸಿಕೊಂಡವರು ಅದನ್ನು ಯಾವ ಹೆಸರಿನಿಂದ ಕರೆದರೂ ನನಗೆ ತಕರಾರಿಲ್ಲ.

ಇಷ್ಟರ ನಡುವೆ ಅವರ ಕಾಲ ಕೆಳಗಿನ ನೆಲವೇ ಬರಿದಾಗುತ್ತಿತ್ತು. 1951ರ ಜಿಲ್ಲಾ ಯೋಜನೆಯಲ್ಲಿ ಡರಮ್ಮಿನ 114 ಹಳ್ಳಿಗಳನ್ನು ‘ಡಿ’ ವರ್ಗಕ್ಕೆ ಸೇರಿಸಿದರು. ಗಣಿ ಬತ್ತಿದ ಈ ಊರುಗಳಿಗೆ ಹೊಸ ಮನೆ ಬೇಡ, ಹೊಸ ಬಂಡವಾಳ ಬೇಡ, ತಾವಾಗಿ ಅಳಿಯಲಿ ಎಂದು ಅದರ ಅರ್ಥ. ಇಲ್ಲಿಯೂ ಒಂದು ಅಕ್ಷರವೇ, ಇಲ್ಲಿಯೂ ಮೇಜಿನ ಮುಂದಿನ ಕೈಯೇ! ಆದರೆ ಇದು ಕೈತಪ್ಪಲ್ಲ, ತಿಳಿದೇ ಬರೆದದ್ದು. ಇದನ್ನು ಹೇಳಿ ನಕ್ಕವರು ಇರಲಾರರು.

ಡರಮ್ಮಿನ ಕಲ್ಲಿದ್ದಲು ಸೀಮೆಯ ಕೊನೆಯ ಆಳದ ಗಣಿಯಾದ ವೇರ್‌ಮೌತ್ 1993ರ ಡಿಸೆಂಬರಿನಲ್ಲಿ ಮುಚ್ಚಿತು. ಮರುತಿಂಗಳೇ, 1994ರ ಜನವರಿಯಲ್ಲಿ, ವೆಸ್ಟ್ ಆಕ್ಲೆಂಡಿನ ಕೆಲಸಗಾರರ ಕ್ಲಬ್ಬಿನಿಂದ ಕಪ್ಪು ಕಳುವಾಯಿತು. ಎರಡಕ್ಕೂ ಸಂಬಂಧವಿಲ್ಲ. ಆದರೂ ಈ ತಾರೀಖುಗಳನ್ನು ಒಟ್ಟಿಗೆ ಓದುವಾಗ, ಊರಿನ ಕೈಯಲ್ಲಿ ಇನ್ನೇನು ಉಳಿಯಿತು ಎಂದು ಮನಸ್ಸು ಕೇಳಿಯೇ ಕೇಳುತ್ತದೆ. ಕದ್ದ ಕಪ್ಪು ಮರಳಲಿಲ್ಲ. ಅದರ ಪ್ರತಿಯೊಂದನ್ನು ಮಾಡಿಸಿ ಇಟ್ಟರು.

ಉಳಿದದ್ದು ಸಣ್ಣದಲ್ಲ. 1982ರಲ್ಲೇ ಆ ಗೆಲವಿನ ಕಥೆ ದೂರದರ್ಶನದ ಚಿತ್ರವಾಗಿತ್ತು. ನಾಯಕನ ಪಾತ್ರ ವಹಿಸಿದವನು ಡೆನಿಸ್ ವಾಟರ್‌ಮನ್. 2013ರಲ್ಲಿ ಊರ ನಡುವಿನ ಹುಲ್ಲುಬಯಲಲ್ಲಿ ಸ್ಮಾರಕ ಎದ್ದಿತು. ತಂಡ 2012ರಲ್ಲಿಯೂ 2014ರಲ್ಲಿಯೂ ಸಣ್ಣ ಕ್ಲಬ್ಬುಗಳ ಕಪ್ಪಿನ ಅಂತಿಮ ಪಂದ್ಯಕ್ಕೆ ವೆಂಬ್ಲಿಗೆ ಹೋಗಿ, ಎರಡು ಸಲವೂ ಸೋತು ಬಂದಿತು. ಲಿಪ್ಟನ್ನನಿದ್ದಿದ್ದರೆ ಬೆನ್ನು ತಟ್ಟುತ್ತಿದ್ದನೇನೋ. ಗಣಿಗಳಿಲ್ಲದಿದ್ದರೂ 1871ರಲ್ಲಿ ಆರಂಭವಾದ ಗಣಿಗಾರರ ಜಾತ್ರೆ ಡರಮ್ ಪಟ್ಟಣದಲ್ಲಿ ಜುಲೈ ತಿಂಗಳಲ್ಲಿ ಇಂದಿಗೂ ಸೇರುತ್ತದೆ. ಮುಚ್ಚಿದ ಒಂದೊಂದು ಗಣಿಯ ಹೆಸರಿನ ದೊಡ್ಡ ಪತಾಕೆ ಹಿಡಿದು, ವಾದ್ಯ ಬಾರಿಸಿಕೊಂಡು ಜನ ನಡೆಯುತ್ತಾರೆ. ವೇರ್‌ಮೌತ್ ಗಣಿಯಿದ್ದ ಜಾಗದಲ್ಲಿ 1997ರಲ್ಲಿ ಫುಟ್‌ಬಾಲ್ ಕ್ರೀಡಾಂಗಣ ತೆರೆಯಿತು. ಅದರ ಹೊರಗೆ ಗಣಿಗಾರನ ದೀಪದ ದೊಡ್ಡ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ.

ಪರೀಕ್ಷೆಗೆ ಪ್ರಶ್ನೆ ಹಾಕುವಾಗ ಐತಿಹ್ಯ ನಿಜವೋ ಸುಳ್ಳೋ ಎಂದು ನಾನು ಕೇಳುವುದಿಲ್ಲ. ಅದನ್ನು ಹೇಳುವವರು ಯಾರು, ಹೇಳುವಾಗ ಯಾರ ಕಡೆ ನೋಡಿ ನಗುತ್ತಾರೆ ಎಂದು ಕೇಳುತ್ತೇನೆ. ಈ ಪ್ರಶ್ನೆಗೆ ಗೈಡುಗಳಲ್ಲಿ ಉತ್ತರವಿಲ್ಲ. ಹುಡುಗರು ಮನೆಗೆ ಹೋಗಿ ತಾತನನ್ನೋ ಅಜ್ಜಿಯನ್ನೋ ಕೇಳಬೇಕಾಗುತ್ತದೆ.