ಶಿಬಿರದ ಹಿಂದಿನ ರಾತ್ರಿ

ಎಫ್‌ಪಿಜಿಎ ಅಂದರೆ ಒಳಗಿನ ಸರ್ಕೀಟನ್ನು ನಾವೇ ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಚಿಪ್. ಅದನ್ನು ಹೊಸಬರಿಗೆ ಕಲಿಸುವ ಶಿಬಿರಕ್ಕೆ ನಮ್ಮ ಬಳಿ ಇದ್ದದ್ದು 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್. ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಹತ್ತಾರು ಜಿಬಿ. ನಮ್ಮ ಮೊಬೈಲ್ ಡೇಟಾದಲ್ಲಿ ಆಗದ ಮಾತು. ಹಾಗಾಗಿ ಐಸ್40 ಚಿಪ್ಪಿನ ಬೋರ್ಡ್ ತಂದು, ಲಿನಕ್ಸ್‌ನಲ್ಲಿ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್, ಐಸ್‌ಸ್ಟಾರ್ಮ್ ಹಾಕಿದೆವು. ಮೂರೂ ಉಚಿತ. ಯೋಸಿಸ್ ನಾವು ಬರೆದ ವೆರಿಲಾಗ್ ಕೋಡನ್ನು ಲಾಜಿಕ್ ಬಿಡಿಭಾಗಗಳಾಗಿ ಒಡೆಯುತ್ತದೆ, ನೆಕ್ಸ್ಟ್‌ಪಿಎನ್‌ಆರ್ ಅವಕ್ಕೆ ಚಿಪ್ಪಿನಲ್ಲಿ ಜಾಗ ಹುಡುಕಿ ಜೋಡಿಸುತ್ತದೆ, ಐಸ್‌ಸ್ಟಾರ್ಮ್ ಬೋರ್ಡಿಗೆ ಇಳಿಸುತ್ತದೆ.

ಕಾಡಿದ್ದು ಯುಎಸ್‌ಬಿ. ಮೊದಲು ಸಿಕ್ಕ ಕೇಬಲ್ ಬರೀ ಚಾರ್ಜಿನದು! ಬೇರೆಯದು ಹಾಕಿದರೆ ಲಿನಕ್ಸ್ ಅನುಮತಿ ಕೊಡಲಿಲ್ಲ. ಯುಡೆವ್ ನಿಯಮದ ಫೈಲ್ ಸೇರಿಸಿ, ಕೇಬಲ್ ಕಿತ್ತು ಮತ್ತೆ ಚುಚ್ಚಿದ ಮೇಲೆ ಎಲ್‌ಇಡಿ ಮಿನುಗಿತು.

ಇದೆಲ್ಲ ಹಿಂದಿನ ರಾತ್ರಿಯೇ ಮುಗಿಯಬೇಕು ಅನ್ನೋದು ನಮ್ಮ ಹಠ. ದೂರದ ಹಳ್ಳಿಯ ಹುಡುಗಿಯರ ಬಸ್ಸು ಸಂಜೆ 4ಕ್ಕೇ ಹೊರಡುತ್ತೆ.