ಪಂಕ್ತಿಗೆ ಬಂದ ನಾಯಿ

ನಮ್ಮ ಕಡೆಯ ಖಾನಾವಳಿಗೆ ಬಾಗಿಲು ಇರುತ್ತದೆ, ಹಗಲೆಲ್ಲ ಅದನ್ನು ಯಾರೂ ಮುಚ್ಚುವುದಿಲ್ಲ. ಮುದ್ದೇಬಿಹಾಳವಾಗಲಿ, ತಾಳಿಕೋಟೆಯಾಗಲಿ, ನಾಲತವಾಡವಾಗಲಿ, ರೊಟ್ಟಿ ಬಡಿಯುವ ಸಪ್ಪಳ ಓಣಿಯವರೆಗೆ ಕೇಳುತ್ತಿರುತ್ತದೆ. ಹಸಿದವರು ಒಳಗೆ ಬರುತ್ತಾರೆ, ಅವರ ಹಿಂದೆಯೇ ನಾಯಿಯೂ ಬರುತ್ತದೆ. ತಾಟಿಗೆ ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಬಿದ್ದು ಮೊದಲ ತುತ್ತು ಎತ್ತುವಷ್ಟರಲ್ಲಿ ಬೆಂಚಿನ ಕೆಳಗಿನಿಂದ ಒದ್ದೆ ಮೂತಿಯೊಂದು ಮೊಣಕಾಲಿಗೆ ತಾಗುತ್ತದೆ. ಒಬ್ಬರು ರೊಟ್ಟಿಯ ಚೂರು ಒಗೆಯುತ್ತಾರೆ, ಇನ್ನೊಬ್ಬರು ಕಾಲಿನಿಂದ ನೂಕುತ್ತಾರೆ. ಬಡಿಸುವ ಅಕ್ಕ ಒಲೆಯ ಮುಂದಿನಿಂದಲೇ ಕೂಗುತ್ತಾಳೆ: "ಒಳಗ ಹಾಕಬ್ಯಾಡ್ರಿ ಅಣ್ಣಾರ, ನಾಳಿ ನಾಕು ಬರ್ತಾವ."

ಆ ಅಕ್ಕ ನಾಯಿಯ ವೈರಿಯಲ್ಲ. ಊಟದ ಹೊತ್ತು ಮುಗಿದ ಮೇಲೆ ಉಳಿದ ಅನ್ನ, ಒಣಗಿದ ರೊಟ್ಟಿಯನ್ನು ಹಿತ್ತಿಲ ಕಡೆ ತಾನೇ ಒಯ್ದು ಹಾಕುತ್ತಾಳೆ. ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ಅವಳಿಗೆ ಗೊತ್ತಿದೆ, ಅಷ್ಟೇ. ನನಗೆ ಹೇಳಬೇಕಾದದ್ದೂ ಅದೇ. ಜನ ಕೂತು ಉಣ್ಣುವ ಜಾಗದೊಳಗೆ, ಜನ ಕಿಕ್ಕಿರಿದ ಜಾಗದೊಳಗೆ ನಾಯಿ ಇರಬಾರದು. ಆದರೆ ಅದನ್ನು ಹೊರಗಿಡುವ ಹಕ್ಕು, ಹೊರಗೆ ಅದಕ್ಕೊಂದು ಜಾಗ ಮಾಡಿಕೊಟ್ಟವರಿಗೆ ಮಾತ್ರ ಇದೆ.

ಹಳೆಯ ಮನೆಗಳನ್ನು ನೋಡಿ. ನಮ್ಮ ಜಿಲ್ಲೆಯ ಮಣ್ಣಿನ ಮಾಳಿಗೆಯ ಮನೆಯಲ್ಲಿ ತಲಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ. ಅಲ್ಲಿಂದ ಒಂದೆರಡು ಮೆಟ್ಟಿಲು ಮೇಲೆ ಮನುಷ್ಯರು ಕೂಡುವ, ಮಲಗುವ ಪಡಸಾಲೆ. ಎತ್ತುಗಳ ಉಸಿರು ಕೇಳುತ್ತಲೇ ಮಕ್ಕಳು ನಿದ್ದೆ ಹೋಗುತ್ತಿದ್ದರು. ಇಷ್ಟು ಹತ್ತಿರ ದನಗಳನ್ನು ಇಟ್ಟುಕೊಂಡವರು ನಾಯಿಯನ್ನು ಮಾತ್ರ ತಲಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟರು. ಪ್ರಾಣಿ ಎಂಬ ತಾತ್ಸಾರ ಇದಕ್ಕೆ ಕಾರಣವಾಗಿದ್ದರೆ ಎತ್ತು ಒಳಗೆ ಇರುತ್ತಿರಲಿಲ್ಲ. ನಾಯಿಯ ಕೆಲಸ ಅಲ್ಲಿತ್ತು, ಅದಕ್ಕೆ ಅದರ ರೊಟ್ಟಿಯೂ ಅಲ್ಲಿಗೇ ಹೋಗುತ್ತಿತ್ತು. ನಮ್ಮ ಆಯಿ ರೊಟ್ಟಿ ಬಡಿಯುವಾಗ ಕೊನೆಯ ಹಿಟ್ಟಿನಲ್ಲಿ ಒಂದು ದಪ್ಪ ರೊಟ್ಟಿ ತಟ್ಟುತ್ತಿದ್ದಳು. ಅದು ನಾಯಿಯದು. ಉಂಡ ತಾಟಿನ ಎಂಜಲನ್ನು ಅವಳು ನಾಯಿಗೆ ಹಾಕಿದ್ದನ್ನು ನಾನು ನೋಡಿಲ್ಲ. ಅದರ ಪಾಲು ಬೇರೆಯೇ ಇತ್ತು.

ಈಗ ಆ ಪಾಲು ಹೋಗಿದೆ, ಎಂಜಲು ಉಳಿದಿದೆ. ತಂಗಡಗಿಯಂಥ ಊರಿನಲ್ಲಿ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಕೃಷ್ಣೆಯ ದಂಡೆಯ ಮೇಲೆ, ಕೂಡಲಸಂಗಮದ ಆಚೆ ದಡಕ್ಕೆ, ಶರಣೆ ನೀಲಮ್ಮ ತಾಯಿ ಐಕ್ಯಳಾದ ಊರು ಇದು. ಹಡಪದ ಅಪ್ಪಣ್ಣನವರ ಗುರುಪೀಠ ಇರುವುದೂ ಇಲ್ಲೇ. ನಾರಾಯಣಪುರದ ಹಿನ್ನೀರು ನೋಡುತ್ತ, ತಾಯಿಯ ದರ್ಶನ ಮಾಡುತ್ತ ಜನ ಬರುತ್ತಾರೆ. ಬಂದವರು ಬುತ್ತಿ ಬಿಚ್ಚುತ್ತಾರೆ, ಪ್ರಸಾದ ಉಣ್ಣುತ್ತಾರೆ. ಹಬ್ಬ ಹುಣ್ಣಿಮೆಯ ದಿನ ಪತ್ರಾವಳಿಗಳು ರಾಶಿ ಬೀಳುತ್ತವೆ, ಸುತ್ತಲಿನ ನಾಯಿಗಳೆಲ್ಲ ಸೇರುತ್ತವೆ. ಮರುದಿನ ಜನ ಇಲ್ಲ, ಪತ್ರಾವಳಿ ಇಲ್ಲ, ನಾಯಿಗಳು ಮಾತ್ರ ಇವೆ. ಯಾರಿಗಾದರೂ ಹೆದರಿಕೆ ಆಗಬೇಕಾದದ್ದು ಆ ಮರುದಿನದ ಬಗ್ಗೆ. ಹೊಟ್ಟೆ ತುಂಬ ತಿಂದು ರೂಢಿಯಾದ ಹಿಂಡು ಹಸಿದು ನಿಂತಾಗ ಕೈಯಲ್ಲಿ ಬಿಸ್ಕತ್ತು ಹಿಡಿದ ಮಗು ಅದರ ಕಣ್ಣಿಗೆ ಬೀಳುತ್ತದೆ. ನಾಯಿ ಗಬ್ಬವಾದ ಎರಡು ತಿಂಗಳಿಗೆ ಈಯುತ್ತದೆ. ಬಿದ್ದ ಅನ್ನಕ್ಕೆ ತಕ್ಕಷ್ಟು ಮರಿಗಳು ಬದುಕುತ್ತವೆ. ಊರಿನ ನಾಯಿಗಳ ಎಣಿಕೆಯನ್ನು ನಾವು ಎಸೆಯುವ ಎಂಜಲೇ ನಿರ್ಧರಿಸುತ್ತದೆ.

ಬಸ್ ನಿಲ್ದಾಣದಲ್ಲಿ ಒಮ್ಮೆ ಹೀಗಾಯಿತು. ಮಿರ್ಚಿ ಭಜಿಯ ಪೊಟ್ಟಣ ಹಿಡಿದಿದ್ದ ಹುಡುಗಿಯ ಮೇಲೆ ನಾಯಿಯೊಂದು ಎಗರಿತು. ಅದಕ್ಕೆ ಬೇಕಾದದ್ದು ಪೊಟ್ಟಣ. ಹುಡುಗಿಯ ತೋಳಿನ ಮೇಲೆ ಉಗುರು ಗೀರಿ ರಕ್ತ ಒಸರಿತು. ಸುತ್ತ ಸೇರಿದವರು ಸುಣ್ಣ ಹಚ್ಚಿರಿ, ಖಾರಪುಡಿ ತುಂಬಿರಿ ಎಂದರು. ಯಾರೋ ಪುಣ್ಯಾತ್ಮರು ಅವಳನ್ನು ನಳದ ಬುಡಕ್ಕೆ ಕರೆದೊಯ್ದು ಸಾಬೂನು ಹಚ್ಚಿ ತೊಳೆಸಿದರು. ಹಾಗೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯುವುದು, ಆಮೇಲೆ ತಡಮಾಡದೆ ದವಾಖಾನೆಗೆ ಹೋಗುವುದು, ಇವೆರಡು ಬಿಟ್ಟು ಮನೆಮದ್ದು ಯಾವುದೂ ಇಲ್ಲ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಬೇರೆ ಬೇಕು. ಲಸಿಕೆ ಮೊದಲ ದಿನ, ಆಮೇಲೆ ಮೂರನೆಯ ದಿನ, ಏಳನೆಯ ದಿನ, ಹೀಗೆ ಇಪ್ಪತ್ತೆಂಟನೆಯ ದಿನದವರೆಗೆ. ಹುಡುಗಿಯ ತಾಯಿ ಹೊಲದ ಕೂಲಿಗೆ ಹೋಗುವವಳು. ಪ್ರತಿ ಸೂಜಿಗೂ ಒಂದು ದಿನದ ಪಗಾರ ಹೋಯಿತು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆಂದೇ ಹೇಳಬೇಕು. ಆದ್ದರಿಂದ ಆ ತಾಯಿಗೆ ಒಂದು ಸೂಜಿಯನ್ನೂ ಬಿಡುವ ಹಾಗಿರಲಿಲ್ಲ. ಜಗತ್ತಿನಲ್ಲಿ ಈ ರೋಗದಿಂದ ಸಾಯುವವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ನಮ್ಮ ದೇಶದವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಯಿ ಪ್ರೀತಿಸುವವರು ಈ ಮಾತನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋಗಬಾರದು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾ ಸಂಕೀರ್ಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಮಾಡಿಸಿ, ಲಸಿಕೆ ಹಾಕಿಸಿ ಆಶ್ರಯತಾಣಗಳಲ್ಲಿ ಇಡಬೇಕು, ಹಿಡಿದ ಜಾಗಕ್ಕೆ ಮರಳಿ ಬಿಡಬಾರದು ಎಂದಿತು. ಅದಕ್ಕೂ ಮೊದಲು ಆಗಸ್ಟ್‌ನಲ್ಲಿ, ಬೀದಿಯಲ್ಲಿ ಸಿಕ್ಕಲ್ಲೆಲ್ಲ ಅನ್ನ ಹಾಕದೆ ಅದಕ್ಕೆ ಗೊತ್ತಾದ ಜಾಗ ಮಾಡಬೇಕು ಎಂದಿತ್ತು. ಖಾನಾವಳಿಯ ಮಾತು ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲೇ ಇದೆ: ಆಹಾರ ಮಾಡುವ, ಕೊಡುವ ಆವರಣಕ್ಕೆ ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಬಿಡಬಾರದು. ಕಾಗದದ ಮೇಲೆ ಎಲ್ಲವೂ ಸ್ಪಷ್ಟ. ಊರಿನಲ್ಲಿ ಮಾತ್ರ ಬಸ್ ನಿಲ್ದಾಣಕ್ಕೂ ಖಾನಾವಳಿಗೂ ನಡುವೆ ಇರುವುದು ಒಂದು ಗೋಡೆ. ನಿಲ್ದಾಣದಿಂದ ಅಟ್ಟಿದ ನಾಯಿ ಗೋಡೆ ಸುತ್ತಿ ಬಂದು ಬೆಂಚಿನ ಕೆಳಗೆ ಕೂಡುತ್ತದೆ. ಆಶ್ರಯತಾಣ ಎಂಬ ಶಬ್ದಕ್ಕೆ ಒಂದು ಕಟ್ಟಡ, ಒಬ್ಬ ಪಶುವೈದ್ಯ, ದಿನಕ್ಕೆರಡು ಹೊತ್ತಿನ ಅನ್ನ ಬೇಕು. ಅವು ಇಲ್ಲದ ತಾಲೂಕಿನಲ್ಲಿ ಹಿಡಿದು ಒಯ್ಯುವುದೆಂದರೆ ಮುಂದಿನ ಊರಿನ ಗಾಂವಠಾಣಕ್ಕೆ ಬಿಟ್ಟುಬರುವುದು. ಬಿಟ್ಟ ಊರಿನಲ್ಲಿ ಕಾಳಗ ಹೆಚ್ಚಾಗುತ್ತದೆ, ಹಿಡಿದ ಊರಿಗೆ ಹೊಸ ನಾಯಿ ಬರುತ್ತದೆ.

ಬೆಂಗಳೂರಿನ ಜಗಳ ಬೇರೆ ಬಗೆಯದು. 2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರಬಾರದು ಎಂದು ತೋಟಗಾರಿಕೆ ಇಲಾಖೆ ಹೊರಟಾಗ ನಾಯಿ ಸಾಕಿದವರು ಎದ್ದು ನಿಂತರು, ನಿಷೇಧ ಮುಂದಕ್ಕೆ ಹೋಯಿತು. 2025ರ ಜುಲೈನಲ್ಲಿ ಸುಮಾರು 5,000 ಬೀದಿನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನ ಕೊಡಲು 2.88 ಕೋಟಿ ರೂಪಾಯಿಯ ಯೋಜನೆಯನ್ನು ಬಿಬಿಎಂಪಿ ಮುಂದಿಟ್ಟಾಗ ಊರೆಲ್ಲ ನಕ್ಕಿತು. ನನಗೆ ಆ ನಗು ಇಷ್ಟವಾಗಲಿಲ್ಲ. ಯೋಜನೆಯ ಲೆಕ್ಕಾಚಾರ ಸರಿಯೋ ತಪ್ಪೋ ಚರ್ಚೆಯಾಗಲಿ, ಗೊತ್ತಾದ ಜಾಗದಲ್ಲಿ ಗೊತ್ತಾದ ಹೊತ್ತಿಗೆ ಅನ್ನ ಹಾಕಿದರೆ ನಾಯಿಯನ್ನು ಹಿಡಿದು ಲಸಿಕೆ ಹಾಕುವುದು ಸುಲಭ. ಅದು ಖಾನಾವಳಿಯ ಅಕ್ಕನ ಹಿತ್ತಿಲ ಲೆಕ್ಕವೇ. ನಾಯಿಯನ್ನು ಮಡಿಲಲ್ಲಿ ಕೂಡಿಸಿಕೊಂಡು ಕಾಫಿ ಕುಡಿಯುವ ಕೆಫೆಗಳ ಬಗ್ಗೆ ನನ್ನ ತಕರಾರು ದೊಡ್ಡದಲ್ಲ. ಅಲ್ಲಿ ಬರುವವರೆಲ್ಲ ತಿಳಿದೇ ಬರುತ್ತಾರೆ, ನಾಯಿಗೆ ಹೆಸರಿದೆ, ಸರಪಳಿ ಇದೆ, ಕಚ್ಚಿದರೆ ಉತ್ತರ ಹೇಳುವ ಒಡೆಯ ಇದ್ದಾನೆ. ಬಸ್ ನಿಲ್ದಾಣಕ್ಕೆ ಬರುವ ಮುದುಕಿಗೆ ಆ ಆಯ್ಕೆ ಇಲ್ಲ. ಕಣ್ಣಿಲ್ಲದವರನ್ನು ನಡೆಸುವ ತರಬೇತಾದ ನಾಯಿಯ ಮಾತು ಪೂರ್ತಿ ಬೇರೆ. ಅದನ್ನು ಯಾವ ಬಾಗಿಲಲ್ಲೂ ತಡೆಯಬಾರದು, ಅದು ಆ ಮನುಷ್ಯರ ಕಣ್ಣು.

ಇಲ್ಲಿಂದ ದೂರವಲ್ಲದ ಮುಧೋಳದ ನಾಯಿಯನ್ನು ಗಮನಿಸಿದವರಿಗೆ ನಾಯಿಯ ಕಡೆಯಿಂದಲೂ ಈ ಪ್ರಶ್ನೆ ಇದೆ ಎಂದು ಗೊತ್ತಾಗುತ್ತದೆ. ಉದ್ದ ಕಾಲು, ಒಳಸೇರಿದ ಹೊಟ್ಟೆ, ದೂರದಲ್ಲಿ ಅಲುಗಿದ್ದನ್ನು ಹಿಡಿಯುವ ಕಣ್ಣು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು, ಸೇನೆಯೂ ಇದನ್ನು ತರಬೇತಿಗೆ ತೆಗೆದುಕೊಂಡಿತು, ತಿಮ್ಮಾಪುರದಲ್ಲಿ ಇದರ ತಳಿ ಕಾಯುವ ಕೇಂದ್ರವಿದೆ. ಬಯಲಿಗೆಂದೇ ಹುಟ್ಟಿದ ಇಂಥ ಜೀವವನ್ನು ಏಪ್ರಿಲ್ ಬಿಸಿಲಿನಲ್ಲಿ ಜಾತ್ರೆಯ ನೂಕುನುಗ್ಗಲಿಗೆ, ಡೊಳ್ಳು ಪಟಾಕಿಗಳ ನಡುವೆ ಎಳೆದು ತರುವುದು ಹಿಂಸೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತ ಮೈ ತಂಪು ಮಾಡಿಕೊಳ್ಳುತ್ತದೆ. ಉಸಿರಾಡಲು ಎಡೆ ಇಲ್ಲದ ಕಡೆ ಅದು ಹೆದರುತ್ತದೆ, ಹೆದರಿದ್ದು ಕಚ್ಚುತ್ತದೆ. ಸುಗ್ಗಿ ಮುಗಿದ ಹೊಲದಲ್ಲಿ ಕುರಿ ತರುಬಿದಾಗ ನೋಡಿದ್ದೇನೆ: ಕುರುಬರು ಊಟಕ್ಕೆ ಕೂತರೆ ಅವರ ನಾಯಿ ಹಿಂಡಿನ ಆಚೆ ಬದಿಗೆ ಕೂತಿರುತ್ತದೆ. ಮುತ್ಯಾ ಉಂಡು ಎದ್ದು, ಅದರ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಅದು ಇದ್ದಲ್ಲಿಗೆ ನಡೆದು ಹೋಗುತ್ತಾನೆ. ನಾಯಿ ಅವನ ಕಡೆ ಓಡಿ ಬರುವುದಿಲ್ಲ.

ಹೊರಗಿಡುವುದು ಎಂಬ ಮಾತನ್ನು ಈ ನೆಲದಲ್ಲಿ ಹಗುರಾಗಿ ಆಡಲಾಗದು ಎಂಬುದು ನನಗೆ ಗೊತ್ತಿದೆ. ನಾಯಿ ನೀರು ಕುಡಿಯುವ ಕೆರೆಯಲ್ಲಿ, ಮುಟ್ಟಬಾರದವರು ಎನಿಸಿಕೊಂಡ ಮನುಷ್ಯರು ಕೈ ಅದ್ದುವ ಹಾಗಿರಲಿಲ್ಲ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರರು ಬೊಗಸೆ ನೀರು ಕುಡಿದು ತೋರಿಸಬೇಕಾಯಿತು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲಿ ಎಂದ ಶರಣರ ನೆಲ ಇದು. ಅದಕ್ಕೇ ನಾಯಿಯನ್ನು ಉಣ್ಣುವಲ್ಲಿಂದ ದೂರ ಇಡುವಾಗ ಮೈಲಿಗೆಯ ಮಾತು ನಮ್ಮ ಬಾಯಲ್ಲಿ ಬರಬಾರದು. ರೋಗ, ಹೆದರಿಕೆ, ನಾಯಿಯದೇ ಸಂಕಟ, ಈ ಕಾರಣಗಳು ಸಾಕು. ನಮ್ಮ ಜಿಲ್ಲೆಯವನೇ ಆದ ಶರಣ ಹಾವಿನಹಾಳ ಕಲ್ಲಯ್ಯ ನಾಯಿಯ ಬಾಯಿಂದ ವೇದ ಓದಿಸಿದ ಎಂದು ಕಥೆ ಇದೆ. ಅಂಥ ಕಥೆ ಕೇಳಿ ಬೆಳೆದವರು ನಾಯಿಯನ್ನು ಹೊಲಸು ಎನ್ನುವುದು ಹೇಗೆ?

ಮಹಾಭಾರತದ ಕೊನೆಗೆ ಧರ್ಮರಾಯನ ಜೊತೆ ನಡೆದ ನಾಯಿಯನ್ನು ಎಲ್ಲರೂ ನೆನೆಯುತ್ತಾರೆ. ಆದಿಪರ್ವದ ನಾಯಿಮರಿಯನ್ನು ನೆನೆಯುವವರು ಕಡಿಮೆ. ಜನಮೇಜಯನ ಯಜ್ಞಶಾಲೆಗೆ ಸರಮೆ ಎಂಬ ದೇವಲೋಕದ ನಾಯಿಯ ಮರಿ ಬರುತ್ತದೆ. ಅರಸನ ತಮ್ಮಂದಿರು ಅದನ್ನು ಹೊಡೆದು ಅಟ್ಟುತ್ತಾರೆ. ಮರಿ ತಾಯಿಯ ಬಳಿ ಅಳುತ್ತ, ತಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎನ್ನುತ್ತದೆ. ಸರಮೆ ಅರಸನ ಮುಂದೆ ನಿಂತು, ತಪ್ಪು ಮಾಡದವನನ್ನು ಹೊಡೆದಿರಿ, ಕಾಣದ ಭಯ ನಿಮಗೆ ಬರಲಿ ಎಂದು ಶಪಿಸುತ್ತಾಳೆ. ಅಷ್ಟು ದೊಡ್ಡ ಕಾವ್ಯದ ಹೊಸ್ತಿಲಲ್ಲೇ ಈ ಜಗಳವಿದೆ. ಸರಮೆಯ ಸಿಟ್ಟು ಆ ಹೊಡೆತದ ಮೇಲಿನದು. ಕುದಿಯುವ ನೀರು ಎರಚುವ, ಕಲ್ಲು ಬೀಸುವ ಕೈಗಳನ್ನು ನೋಡಿದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ.

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಸುಮಾರು ಕ್ರಿ.ಶ. 950ರ ಕಲ್ಲು ಇನ್ನೂ ಮುಂದೆ ಹೋಗುತ್ತದೆ. ಗಂಗರ ಬೂತುಗನಿಂದ ಮಣಲೇರ ಎಂಬ ವೀರ ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದ. ಕಾಳಿ ಒಂದು ಕಾಡುಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಅವನು ನಾಯಿಗಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಕಲ್ಲನ್ನು ನೋಡಿಕೊಳ್ಳುವ ಗೊರವ ಅದಕ್ಕೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಎಂದು ಶಾಸನ ಹೇಳುತ್ತದೆ. ಸಾವಿರ ವರ್ಷದ ಹಿಂದಿನ ಕನ್ನಡಿಗರು ಊಟಕ್ಕೆ ಕೂಡುವ ಮುಂಚೆ ನಾಯಿಗೆ ಸಲ್ಲಬೇಕಾದದ್ದು ಸಲ್ಲಿತೇ ಎಂದು ಕೇಳಿದರು. ಬೆಂಚಿನ ಕೆಳಗೆ ಎಸೆದ ಎಲುಬು ಅದಕ್ಕೆ ಉತ್ತರವಾಗುವುದಿಲ್ಲ.

ನಾಯಿಗೆ ಅದರ ಪಾಲು ಕೊಟ್ಟು ಹೊರಗಿಡುವುದು ತಂಗಡಗಿಯಂಥ ಊರಿಗೆ ಆಗದ ಕೆಲಸವೇನಲ್ಲ. ಜನ ಸೇರುವ ಹಬ್ಬಕ್ಕೆ ಒಂದು ತಿಂಗಳು ಮೊದಲು ದನದ ದವಾಖಾನೆಯವರನ್ನು ಕರೆಸಿ ಓಣಿ ಓಣಿಯ ನಾಯಿಗಳಿಗೆ ಲಸಿಕೆ ಹಾಕಿಸಬೇಕು. ನೂರರಲ್ಲಿ ಎಪ್ಪತ್ತಕ್ಕೆ ಬಿದ್ದರೂ ರೋಗ ನಾಯಿಯಿಂದ ನಾಯಿಗೆ ಹರಿಯುವುದು ನಿಲ್ಲುತ್ತದೆ. ಸಂತಾನಹರಣಕ್ಕೆ ಪಂಚಾಯತಿ ಪ್ರತಿ ವರ್ಷ ದುಡ್ಡು ತೆಗೆದಿಡಬೇಕು. ಒಂದು ವರ್ಷ ಮಾಡಿ ಬಿಟ್ಟರೆ ಮಾಡಿದ್ದೂ ವ್ಯರ್ಥ. ಪತ್ರಾವಳಿಗಳನ್ನು ಅದೇ ಸಂಜೆ ತಿಪ್ಪೆಗುಂಡಿಗೆ ಹಾಕಿ ಮುಚ್ಚಬೇಕು. ಊರ ಹೊರಗೆ, ಶಾಲೆಯ ದಾರಿ ಬಿಟ್ಟು, ಹಳೆಯ ಕಲ್ಲಿನ ದೋಣಿಯೊಂದನ್ನು ನೀರಿಗೆ, ಇನ್ನೊಂದನ್ನು ಅನ್ನಕ್ಕೆ ಇಡಬೇಕು. ಬೇಸಿಗೆಯಲ್ಲಿ ಆ ನೀರಿನ ದೋಣಿ ತುಂಬಿಸುವ ಪಾಳಿ ಯಾವ ಓಣಿಯದು ಎಂಬುದನ್ನು ಮಾತ್ರ ಈಗಲೇ ಕೂತು ತೀರ್ಮಾನಿಸಬೇಕು.